ಐದನೆಯ ಮೀನಿಗೆ ಜಾಗ

ನಮ್ಮ ಯಜಮಾನರು ಲಿಫ್ಟ್ ತಪಾಸಣೆಯವರು. ಕಟ್ಟಡದಿಂದ ಕಟ್ಟಡಕ್ಕೆ ಹೋಗಿ, ಹಗ್ಗ ಸವೆದಿದೆಯೇ, ಬ್ರೇಕು ಹಿಡಿಯುತ್ತದೆಯೇ ಎಂದು ನೋಡಿ, ಇದರಲ್ಲಿ ಇಷ್ಟೇ ಜನ ಹತ್ತಬೇಕು ಎಂದು ಹೇಳಿ ಬರುವುದು ಅವರ ಕೆಲಸ. ಆಯುಷ್ಯವೆಲ್ಲ ಇದನ್ನೇ ಮಾಡಿದವರಿಗೆ ಲೋಕವೂ ಒಂದು ಲಿಫ್ಟಿನಂತೆಯೇ ಕಾಣುತ್ತದೆ. ಯಾರದಾದರೂ ಮದುವೆಗೆ ಹೋದರೆ ಗಂಡು ಹೆಣ್ಣಿನ ಕಡೆ ನೋಡುವುದಿಲ್ಲ, "ಈ ಹಾಲ್‌ಗೆ ಜನ ಜಾಸ್ತಿ ಆಯ್ತು" ಎನ್ನುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅವರಿಗಾಗಿಯೇ ಮಾಡಿರಬೇಕು.

ಮಗಳು ಮದುವೆಯಾಗಿ ಹೋದ ಮೇಲೆ ಅವಳ ಚಿಕ್ಕ ಕೋಣೆ ಖಾಲಿಯಾಯಿತು. ನನ್ನ ಮನಸ್ಸಿನಲ್ಲಿ ಒಂದು ಆಸೆ ಇತ್ತು. ಅಣ್ಣನ ಮನೆಯಲ್ಲಿರುವ ಅಮ್ಮನನ್ನು ತಂದು ಇಟ್ಟುಕೊಳ್ಳಬೇಕು ಅಂತ. ಹೇಗೆ ಕೇಳಲಿ, ಯಾವಾಗ ಕೇಳಲಿ ಎಂದು ನಾನು ಹೊಂಚು ಹಾಕುತ್ತಿರುವಾಗಲೇ ಒಂದು ಭಾನುವಾರ ನಾಲ್ಕು ಜನ ಏದುಸಿರು ಬಿಡುತ್ತ ಒಂದು ಗಾಜಿನ ತೊಟ್ಟಿ ಹೊತ್ತುಕೊಂಡು ಬಂದರು. ಉಪ್ಪುನೀರಿನ ತೊಟ್ಟಿಯಂತೆ. ಒಳಗೆ ಹವಳ ಬೆಳೆಸುತ್ತಾರಂತೆ, ಸಮುದ್ರದ ಮೀನು ಸಾಕುತ್ತಾರಂತೆ. ಹಾಲ್‌ನಲ್ಲಿ ಬಿಸಿಲು ಬೀಳುತ್ತದೆ, ಹಾಗಾಗಿ ಚಿಕ್ಕ ಕೋಣೆಯೇ ಅದಕ್ಕೆ ಸರಿಯಾದ ಜಾಗವಂತೆ. ನಾನು ತೊಟ್ಟಿ ಹೊತ್ತು ತಂದವರಿಗೆ ಕಾಫಿ ಮಾಡಲು ಹೋದೆ.

ಅಣ್ಣನ ಮನೆಯ ಬಗ್ಗೆ ದೂರು ಹೇಳಬೇಕೆಂದರೆ ಹೇಳುವಂಥದ್ದು ಏನೂ ಇಲ್ಲ. ಅದೇ ಕಷ್ಟ. ಅತ್ತಿಗೆ ಅಮ್ಮನನ್ನು ಬೈಯುವುದಿಲ್ಲ, ಹೊಡೆಯುವುದಿಲ್ಲ. ಊಟದ ಮೇಜಿಗೆ ಕುರ್ಚಿ ನಾಲ್ಕೇ ಇವೆ, ಮನೆಯಲ್ಲಿ ಜನ ಐದು, ಅಷ್ಟೇ. ಎಲ್ಲರೂ ಎದ್ದ ಮೇಲೆ ಅಮ್ಮ ಕೂರುತ್ತಾಳೆ, ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ತಳದ ಅನ್ನ ಇರುತ್ತದೆ. "ನನಗೆ ಸೀದದ್ದೇ ರುಚಿ ಕಣೆ" ಎನ್ನುತ್ತಾಳೆ ಅಮ್ಮ. ಒಂದು ಕಾಲದಲ್ಲಿ ಅನ್ನ ಸ್ವಲ್ಪ ಮುದ್ದೆಯಾದರೆ ತಟ್ಟೆ ದೂಡುತ್ತಿದ್ದವಳು ಅವಳು. ಹೋದ ಸಲ ನೋಡಿದಾಗ ಅವಳ ಬಳೆ ಮೊಣಕೈವರೆಗೆ ಜಾರುತ್ತಿತ್ತು. ನಾನು ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಟೇಪು ಹಿಡಿಯದೆಯೇ ಅಳತೆ ಗೊತ್ತಾಗುತ್ತದೆ ನನಗೆ. ಹೀಗೇ ಬಿಟ್ಟರೆ ಅಮ್ಮ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಅವತ್ತೇ ಅನ್ನಿಸಿತ್ತು.

ಇತ್ತ ಇವರ ಮೀನಿನ ಆಯ್ಕೆ ಶುರುವಾಯಿತು. ನನ್ನನ್ನು ನೋಡಲು ಬಂದಾಗ ಕಾಫಿ ಆರುವ ಮೊದಲೇ ಒಪ್ಪಿಗೆ ಹೇಳಿದ್ದ ಮನುಷ್ಯ, ಐದು ಮೀನು ಆರಿಸಲು ತಿಂಗಳುಗಟ್ಟಲೆ ತೆಗೆದುಕೊಂಡರು. ಮೊದಲು ತೊಟ್ಟಿಯಲ್ಲಿ ಬರೀ ಕಲ್ಲು ಮತ್ತು ಉಪ್ಪುನೀರು. ನೀರು ಹದಕ್ಕೆ ಬರಬೇಕಂತೆ. ಆಮೇಲೆ ಪ್ರತಿ ವಾರ ಮೀನಂಗಡಿ. ಹಿಂತಿರುಗುವಾಗ ಡಬ್ಬಿ ಹಿಡಿದುಕೊಳ್ಳಲು ನಾನು ಜೊತೆಗೆ.

ಅಂಗಡಿ ಒಂದು ಉದ್ದನೆಯ ಕತ್ತಲೆ ಕೋಣೆ. ಎರಡು ಕಡೆಯೂ ನೀಲಿ ಬೆಳಕಿನ ತೊಟ್ಟಿಗಳು, ನೆಲವೆಲ್ಲ ಒದ್ದೆ. ಅಂಗಡಿಯವನು ಮಾತುಗಾರ, ಮಾರುವುದರಲ್ಲಿ ಗಟ್ಟಿಗ. ಹಳದಿ ಬಣ್ಣದ ಚಪ್ಪಟೆ ಮೀನೊಂದನ್ನು ತೋರಿಸಿ, "ಇದನ್ನ ಹಾಕಿ ಸಾರ್, ತೊಟ್ಟಿಗೇ ಕಳೆ ಬರುತ್ತೆ. ಇನ್ನೂ ಮರಿ, ಅಂಗೈಯಷ್ಟೂ ಇಲ್ಲ" ಎಂದ.

"ಈಗ ಮರಿ ಸರಿ, ಬೆಳೆದ ಮೇಲೆ? ಇದು ಈಜೋ ಮೀನು, ಅದಕ್ಕೆ ಉದ್ದ ಬೇಕು. ನನ್ನ ತೊಟ್ಟೀಲಿ ಎರಡು ಸಲ ಬಾಲ ಆಡಿಸಿದ್ರೆ ಗೋಡೆ. ಜೈಲಿಗೆ ಹಾಕಿದ ಹಾಗಾಗುತ್ತೆ ಪಾಪ" ಎಂದರು ಇವರು.

ನನಗೆ ಇದು ಒಪ್ಪಿಗೆಯಾಯಿತು. ನಾವೂ ಮಕ್ಕಳ ಬಟ್ಟೆಗೆ ಬೆಳವಣಿಗೆ ನೋಡಿ ಅಂಚು ಬಿಡುತ್ತೇವೆ.

"ಹಾಗಾದ್ರೆ ಚಿಕ್ಕವನ್ನೇ ಹಾಕಿ, ಹತ್ತು ಹಿಡಿಸುತ್ತೆ."

"ಹಿಡಿಸೋದು ಬೇರೆ, ಬದುಕೋದು ಬೇರೆ. ಐದೇ."

ಆ ಐದರಲ್ಲೂ ಎಷ್ಟು ಲೆಕ್ಕಾಚಾರ! ಯಾರಿಗೆ ಯಾರು ಆಗುವುದಿಲ್ಲ, ಯಾರು ತಳದಲ್ಲಿರುತ್ತಾರೆ, ಯಾರು ಮೇಲೆ, ಯಾರಿಗೆ ಮಲಗಲು ಸ್ವಂತ ಗುಹೆ ಬೇಕು. ಬಿಳಿ ಪಟ್ಟೆಯ ಕಿತ್ತಳೆ ಮೀನು ಒಂದು ಜೋಡಿ. ಮರಳಿನಲ್ಲಿ ಸೀಗಡಿಯ ಜೊತೆ ಒಂದೇ ಬಿಲದಲ್ಲಿ ಸಂಸಾರ ಮಾಡುವ ಮೀನು ಒಂದು. ಮುಂದೆ ನೇರಳೆ, ಹಿಂದೆ ಹಳದಿ ಬಣ್ಣದ್ದು ಒಂದು. ಕೊನೆಗೆ ಬಿಳಿ ಮೈಯ, ಕೆಂಪು ಬಾಲದ, ಬೆಂಕಿಮೀನು ಅಂತ ಒಂದು. ಹೆಸರು ಬೆಂಕಿ, ಸ್ವಭಾವ ಶುದ್ಧ ಪುಕ್ಕಲು. ಯಾರಾದರೂ ಸೀನಿದರೆ ಕಲ್ಲಿನ ಸಂದಿಗೆ ನುಗ್ಗುತ್ತದೆ.

"ಮೆತ್ತಗಿರೋದನ್ನ ಮೊದಲು ಬಿಡಬೇಕು, ಜೋರಿನದ್ದನ್ನ ಕೊನೆಗೆ" ಎಂದು ಇವರು ನನಗೆ ಪಾಠ ಹೇಳುತ್ತಿದ್ದರು. "ಮೊದಲು ಬಂದವರು ಮನೆ ನಂದು ಅಂತಾರೆ. ಆಮೇಲೆ ಬಂದ ಮೆತ್ತನೆಯವರಿಗೆ ಅನ್ನ ಹುಟ್ಟಲ್ಲ."

ಇಷ್ಟು ತಿಳಿದವರೇ ಎಡವಿದರು. ಅಂಗಡಿಯಲ್ಲಿ ಬೆಂಕಿಮೀನು ಬರುವುದು ತಡವಾಯಿತು. ಕಾಯುವ ತಾಳ್ಮೆ ಸಾಲದೆ ನೇರಳೆಯದನ್ನು ಮೊದಲು ತಂದು ಬಿಟ್ಟರು. ಅದು ಎಲ್ಲ ಗುಹೆಗಳನ್ನೂ ತನ್ನದು ಮಾಡಿಕೊಂಡು ಕೂತಿತು.

ಬೆಂಕಿಮೀನು ಬಂದಾಗ ಅದನ್ನು ಬೇರೆ ಡಬ್ಬದಲ್ಲಿ ನಾಲ್ಕು ವಾರ ಇಟ್ಟರು. ರೋಗ ಇದೆಯೇ, ತಿನ್ನುತ್ತದೆಯೇ ನೋಡಿ ಆಮೇಲೆ ತೊಟ್ಟಿಗೆ ಬಿಡುವುದು ಕ್ರಮವಂತೆ. ಆ ದಿನಗಳಲ್ಲಿ ಇವರ ಮುಖ ಅರಳಿತ್ತು. ಇದೇ ಸಮಯ ಎಂದು ನಾನು ಬಾಯಿಬಿಟ್ಟೆ.

"ರೀ, ಅಮ್ಮನ್ನ ಕರ್ಕೊಂಡು ಬರ್ಲಾ? ಇಲ್ಲೇ ಇರ್ಲಿ ಅಂತ."

ಇವರು ಕೋಣೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಬರ್ಲಿ. ಎರಡು ವಾರ ಇರ್ಲಿ. ಹೊಂದಾಣಿಕೆ ಆಗುತ್ತಾ ನೋಡೋಣ, ಆಯ್ತು ಅಂದ್ರೆ ಇಲ್ಲೇ ಇರ್ಲಿ."

ಮೀನಿಗೆ ನಾಲ್ಕು ವಾರ, ನನ್ನನ್ನು ಹೆತ್ತವಳಿಗೆ ಎರಡು. ಆದರೂ ಸರಿ ಎಂದೆ. ಕೆಲಸ ಆಗಬೇಕಿತ್ತಲ್ಲ.

ಅಮ್ಮ ಒಂದು ಕೈಚೀಲ ಹಿಡಿದು ಬಂದಳು. ಚಿಕ್ಕ ಕೋಣೆಯಲ್ಲಿ ತೊಟ್ಟಿಗೂ ಗೋಡೆಗೂ ನಡುವೆ ಒಂದು ಹಾಸಿಗೆ ಹಿಡಿಸುವಷ್ಟು ನೆಲ ಇತ್ತು, ಅಲ್ಲೇ ಹಾಸಿಕೊಟ್ಟೆ. ಮೂರೇ ದಿನಕ್ಕೆ ಅವಳ ಮುಖಕ್ಕೆ ರಕ್ತ ಬಂತು. ನಮ್ಮ ಜೊತೆಗೇ ಕೂತು ಬಿಸಿಯಾಗಿ ಉಣ್ಣುತ್ತಿದ್ದಳು. ಮೊದಲ ದಿನ ಮಾತ್ರ ತಟ್ಟೆ ಹಿಡಿದು ನಿಂತೇ ಇದ್ದಳು, ಯಾವ ಕುರ್ಚಿ ಎಂದು ಗೊತ್ತಾಗದೆ. ಆ ನೋಟ ನೆನೆದರೆ ಈಗಲೂ ನನಗೆ ಅಣ್ಣನ ಮೇಲೆ ಮೈ ಉರಿಯುತ್ತದೆ.

ಹಗಲೆಲ್ಲ ನಾವಿಬ್ಬರೂ ಕೆಲಸಕ್ಕೆ ಹೋದರೆ ಅಮ್ಮನಿಗೆ ಮೀನುಗಳದೇ ಸಹವಾಸ. ನೇರಳೆ ಮೀನಿಗೆ ಜಮಾದಾರ ಎಂದು ಹೆಸರಿಟ್ಟಳು. ಬೆಂಕಿಮೀನನ್ನು ಆಗಷ್ಟೇ ದೊಡ್ಡ ತೊಟ್ಟಿಗೆ ಬಿಟ್ಟಿದ್ದರು. ಆಹಾರ ಉದುರಿಸಿದಾಗ ಅದು ಸಂದಿಯಿಂದ ಅರ್ಧ ಮೈ ಹೊರಗೆ ಹಾಕುತ್ತಿತ್ತು, ಜಮಾದಾರ ಬಾಯಿ ತೆರೆದು ಅಟ್ಟಿಸಿಕೊಂಡು ಬಂದರೆ ಮತ್ತೆ ಒಳಗೆ.

"ಅದು ಉಣ್ಣೋದೇ ಇಲ್ವಲ್ಲೇ" ಎಂದಳು ಅಮ್ಮ ಒಂದು ಸಂಜೆ.

"ಎಲ್ಲರದ್ದೂ ಆದ್ಮೇಲೆ ಉಣ್ಣುತ್ತೇನೋ" ಎಂದೆ ನಾನು.

"ಆಮೇಲೆ ಏನಿರುತ್ತೆ?" ಎಂದಳು.

ಮಾರನೆಯ ದಿನದಿಂದ ಮಧ್ಯಾಹ್ನ ಯಾರೂ ಇಲ್ಲದಾಗ ಅಮ್ಮ ಶುರುಮಾಡಿದಳು. ಜಮಾದಾರನಿಗೆ ಈ ಮೂಲೆಯಲ್ಲಿ ಒಂದಿಷ್ಟು ಆಹಾರ ಹಾಕಿ ಅತ್ತ ಸೆಳೆಯುವುದು, ಅದು ತಿನ್ನುತ್ತಿರುವಾಗ ಬೆಂಕಿಮೀನಿನ ಸಂದಿಯ ಹತ್ತಿರ ಇನ್ನೊಂದಿಷ್ಟು ಉದುರಿಸುವುದು. ಅದು ತಿನ್ನಲೆಂದು ಮತ್ತೊಂದಿಷ್ಟು. ಮೀನು ತಿಂದದ್ದು ಚೂರು, ಉಳಿದದ್ದೆಲ್ಲ ಕಲ್ಲಿನ ಸಂದಿಯಲ್ಲಿ ಕೊಳೆಯಿತು. ವಾರ ಕಳೆಯುವಷ್ಟರಲ್ಲಿ ಗಾಜಿಗೆ ಪಾಚಿ ಹತ್ತಿತು, ಅರಳಿಕೊಂಡಿದ್ದ ಹವಳಗಳು ಮುದುರಿಕೊಂಡವು. ಇವರು ಚಿಕ್ಕ ಶೀಸೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧಿಯ ಹನಿ ಹಾಕಿದರು. ನೀರು ಕಡುಗೆಂಪಾಯಿತು, ಅಂದರೆ ತೊಟ್ಟಿಯಲ್ಲಿ ಕೊಳೆ ಮಿತಿಮೀರಿದೆ ಎಂದರ್ಥವಂತೆ.

"ಯಾರು ಜಾಸ್ತಿ ತಿಂಡಿ ಹಾಕಿದ್ದು?"

ನಾನೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ, "ನಾನೇ ಅಳಿಯಂದ್ರೇ. ಆ ಬೆಂಕಿಮೀನು ಉಣ್ಣೋದೇ ಇಲ್ಲ, ಪಾಪ ಅನ್ನಿಸ್ತು" ಎಂದುಬಿಟ್ಟಳು.

ಇವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಕ್ಕು, "ಪರವಾಗಿಲ್ಲ ಬಿಡಿ ಅತ್ತೆ, ನಿಮಗೆ ಗೊತ್ತಿರ್ಲಿಲ್ಲ" ಎಂದರು. ರಾಶಿ ನೀರು ಬದಲಾಯಿಸಿದರು. ಆಮೇಲೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ಬೆಂಕಿಮೀನನ್ನೇ ನೋಡಿದರು. "ಅತ್ತೆ ಹೇಳಿದ್ದು ನಿಜ. ಇದು ಉಪವಾಸ ಸಾಯ್ತಿದೆ. ಹೊಟ್ಟೆ ನೋಡು, ಬೆನ್ನಿಗೆ ಅಂಟಿದೆ" ಎಂದು ನನಗೆ ತೋರಿಸಿದರು. ದನಿ ಗದ್ಗದವಾಗಿತ್ತು, ಸುಳ್ಳು ಹೇಳುವುದಿಲ್ಲ.

ಮರುದಿನ ಒಂದು ಬೆಂಚು, ಅದರ ಮೇಲೆ ಒಂದು ಪುಟ್ಟ ತೊಟ್ಟಿ, ಅದಕ್ಕೊಂದು ಪಂಪು, ಒಂದು ದೀಪ ಬಂದವು. ಬೆಂಕಿಮೀನಿಗೆ ಪ್ರತ್ಯೇಕ ಮನೆ. ಬೆಂಚನ್ನು ಇಟ್ಟದ್ದು ಚಿಕ್ಕ ಕೋಣೆಯಲ್ಲಿ, ಅಮ್ಮನ ಹಾಸಿಗೆಯನ್ನು ಸುತ್ತಿ ಪಕ್ಕಕ್ಕಿಟ್ಟು, ಅದೇ ಜಾಗದಲ್ಲಿ.

ನಾನು ಜಗಳಕ್ಕೆ ನಿಂತೆ. "ಅಮ್ಮ ಎಲ್ಲಿ ಮಲಗ್ಬೇಕು? ಇದನ್ನ ಬಚ್ಚಲ ಹತ್ರ ಇಡಿ."

"ಅಲ್ಲಿ ಸೋಪಿನ ಹಬೆ ಕಣೆ, ಮೀನಿಗೆ ವಿಷ."

"ಹಾಲ್‌ನಲ್ಲಿಡಿ."

"ಬಿಸಿಲು."

"ಹಾಗಾದ್ರೆ ಅಮ್ಮ ಹಾಲ್‌ನಲ್ಲಿ ಮಲಗ್ತಾಳೆ."

"ವಯಸ್ಸಾದವರನ್ನ ಹಾಲ್‌ನಲ್ಲಿ ಮಲಗಿಸೋದಾ? ಬಂದವರು ಏನಂತಾರೆ? ನೋಡು, ನನಗೇನು ಅತ್ತೆ ಮೇಲೆ ಕೋಪ ಇಲ್ಲ. ಈ ಮನೆ ಇರೋದೇ ಇಷ್ಟು. ಹೇಗೂ ಎರಡು ವಾರ ಆಗ್ತಾ ಬಂತು. ಅವರಿಗೆ ಮಗ ಇದಾನೆ, ಮನೆ ಇದೆ. ಮತ್ತೆ ಯಾವಾಗಾದ್ರೂ ಬರ್ಲಿ."

ಬೆಣ್ಣೆಯಲ್ಲಿ ಕೂದಲು ತೆಗೆಯುವುದು ಎಂದರೆ ಇದೇ. "ನಿಮ್ಮ ಮೀನಿಗೆ ಇರೋ ಬೆಲೆ ನನ್ನಮ್ಮನಿಗಿಲ್ವಾ?" ಎಂದು ಕಿರುಚಿದೆ. "ಅದಕ್ಕೂ ಇದಕ್ಕೂ ಯಾಕೆ ಗಂಟು ಹಾಕ್ತೀಯ?" ಎಂದು ಇವರು ನಿಜವಾಗಿಯೂ ಅರ್ಥವಾಗದವರಂತೆ ನನ್ನ ಮುಖ ನೋಡಿದರು. ನಿಜಕ್ಕೂ ಅವರಿಗೆ ಅರ್ಥವಾಗಿರಲಿಲ್ಲ.

ಗೋಡೆಯಾಚೆ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಹೋಗಿ ನೋಡುವಷ್ಟರಲ್ಲಿ ಕೈಚೀಲಕ್ಕೆ ಸೀರೆ ತುಂಬುತ್ತಿದ್ದಳು. ನಾನು ಚೀಲ ಕಸಿದೆ. ಅವಳು ಮತ್ತೆ ಕಸಿದುಕೊಂಡಳು, ಆ ಬಡಕಲು ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ನನ್ನ ದೆಸೆಯಿಂದ ನೀವಿಬ್ಬರು ಮುಖ ತಿರುಗಿಸ್ಕೊಂಡ್ರೆ ನಾನು ಇಲ್ಲಿದ್ದು ಏನು ಸುಖ? ಒಳ್ಳೆಯವರು ಕಣೆ ಅವರು. ಮೂಕಪ್ರಾಣಿಯ ಹೊಟ್ಟೆ ನೋಡೋರು ಎಷ್ಟು ಜನ ಇದಾರೆ?"

ಇದನ್ನು ಅವಳು ಕುಹಕವಾಗಿ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮನಸಾರೆ ಹೇಳಿದಳು.

ಇವರೇ ಚೀಲ ಹೊತ್ತು ಬಸ್‌ ನಿಲ್ದಾಣಕ್ಕೆ ಬಂದರು. ಕಿಟಕಿಯ ಪಕ್ಕದ ಸೀಟು ನೋಡಿ ಕೂರಿಸಿದರು, ನೀರಿನ ಬಾಟಲಿ ಕೊಟ್ಟರು, ಹುಷಾರಾಗಿ ಇಳಿಸಿ ಎಂದು ಕಂಡಕ್ಟರನಿಗೆ ಹೇಳಿದರು. ನೋಡಿದವರು ಇಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡಿರುತ್ತಾರೆ. ಅಮ್ಮ ಕೈ ಬೀಸಿದಳು. ನಾನು ಬೀಸಲಿಲ್ಲ.

ಮನೆಗೆ ಬಂದವರೇ ಚಿಕ್ಕ ಕೋಣೆಗೆ ಹೋದರು. "ಬಾ ಇಲ್ಲಿ, ಬೇಗ ಬಾ!" ಎಂದು ಸಂಭ್ರಮದಿಂದ ಕೂಗಿದರು. ಪುಟ್ಟ ತೊಟ್ಟಿಯಲ್ಲಿ ಬೆಂಕಿಮೀನು ಬಟ್ಟಬಯಲಲ್ಲಿ ನಿಂತು ಉದುರಿಸಿದ್ದನ್ನೆಲ್ಲ ಹೆಕ್ಕಿ ಹೆಕ್ಕಿ ತಿನ್ನುತ್ತಿತ್ತು.

"ಇನ್ನೇನು, ಚೇತರಿಸ್ಕೊಳ್ತಲ್ಲ," ಎಂದೆ. "ಯಾವಾಗ ವಾಪಸ್ ಬಿಡ್ತೀರಿ?"

"ಎಲ್ಲಿಗೆ?"

"ಎಲ್ಲಿತ್ತೋ ಅಲ್ಲಿಗೆ. ಅದರ ಮನೆಗೆ."

ಇವರು ನನ್ನ ಕಡೆ ತಿರುಗಿದರು. ಮುಖದಲ್ಲಿ ನೋವಿತ್ತು. "ಏನೇ ನೀನು? ಅಲ್ಲಿ ಅದಕ್ಕೆ ಒಂದು ತುತ್ತೂ ಸಿಗಲ್ಲ, ಬದುಕೋದಿಲ್ಲ ಅಂತ ಕಣ್ಣಾರೆ ನೋಡಿದ್ದೀವಿ. ಗೊತ್ತಿದ್ದೂ ವಾಪಸ್ ಕಳಿಸೋಕೆ ನಾನೇನು ಕಟುಕನಾ?"

ಹೇಳಿದ ಮಾತು ಅವರಿಗೇ ಕೇಳಿಸಬಹುದು ಎಂದು ಕಾದೆ. ಕೇಳಿಸಲಿಲ್ಲ. ಇನ್ನೊಂದು ಚಿಟಿಕೆ ಆಹಾರವನ್ನು ಬೆರಳಲ್ಲಿ ಉಜ್ಜಿ ನೀರಿಗೆ ಉದುರಿಸಿ, "ತಿನ್ನು ಪುಟ್ಟಾ, ತಿನ್ನು" ಎಂದರು.