ಚಿತ್ರದ ಉಳಿದರ್ಧ

ಬಾಗಿಲು ತೆರೆದ ಡ್ರೈವರನಿಗೆ ಮೊದಲು ಕಂಡದ್ದು ಬಂದವನ ಹೆಗಲಿನ ಕ್ಯಾಮೆರಾ ಚೀಲ. ಕದವನ್ನು ಮತ್ತೆ ಮುಂದಕ್ಕೆ ದೂಡಿದ.

"ಇನ್ನೇನು ಬಾಕಿ ಇದೆ ಸ್ವಾಮಿ? ಮಾನ ಕಳೆದದ್ದು ಸಾಲದಾ?"

"ಬರೆಯೋಕೆ ಬಂದಿಲ್ಲ ಅಣ್ಣಾ. ಆ ಫೋಟೋ ತೆಗೆದವನು ನಾನೇ. ಎರಡು ನಿಮಿಷ ಒಳಗೆ ಬಿಡಿ."

ಹನ್ನೊಂದು ದಿನಗಳ ಹಿಂದೆ ಇಳಿಜಾರಿನಲ್ಲಿ ಬಸ್ಸಿನ ಬ್ರೇಕ್ ಕೈಕೊಟ್ಟಿತ್ತು. ಎದುರಿಗೆ ಶಾಲೆ ಬಿಟ್ಟ ಮಕ್ಕಳ ಸಾಲು. ಡ್ರೈವರ್ ಸ್ಟಿಯರಿಂಗ್ ಎಳೆದು ರಸ್ತೆ ಪಕ್ಕದ ಮರಳು ರಾಶಿಗೆ ಬಸ್ಸನ್ನು ನುಗ್ಗಿಸಿದ. ಕೆಲವರಿಗೆ ಪೆಟ್ಟಾಯಿತು, ಎಲ್ಲರ ಜೀವವೂ ಉಳಿಯಿತು. ಮರುದಿನ ಊರಿನ ಎರಡೂ ಪತ್ರಿಕೆಗಳಲ್ಲಿ ಒಂದೇ ತಲೆಬರಹ: 'ಕುಡುಕ ಚಾಲಕನ ಅವಾಂತರ'. ಕೆಳಗೆ ಒಂದೇ ಚಿತ್ರ. ರಸ್ತೆ ಬದಿಯಲ್ಲಿ ಕುಸಿದು ಕೂತ ಅವನು, ಕೈಯಲ್ಲೊಂದು ಬಾಟಲಿ. ಟಿವಿಯಲ್ಲೂ ಇಡೀ ದಿನ ಅದೇ.

ಪತ್ರಿಕೆ, ಟಿವಿ, ಬಸ್ಸು ಎಲ್ಲಕ್ಕೂ ಧಣಿ ಒಬ್ಬನೇ. ಬ್ರೇಕ್ ಸರಿಯಿಲ್ಲವೆಂದು ಡಿಪೋದಲ್ಲಿ ಎರಡು ಸಲ ಬರೆದುಕೊಟ್ಟಿದ್ದನ್ನು ಡ್ರೈವರ್ ಯಾರ ಹತ್ತಿರ ಹೇಳಿಕೊಳ್ಳಬೇಕು? ರಕ್ತ ಪರೀಕ್ಷೆಯನ್ನೂ ಅವತ್ತು ಯಾರೂ ಮಾಡಿಸಿರಲಿಲ್ಲ. ಲೈಸೆನ್ಸ್ ಕಿತ್ತುಕೊಂಡು ವಿಚಾರಣೆಗೆ ದಿನ ಗೊತ್ತುಮಾಡಿದ್ದರು. ಅಂಗಡಿಯಲ್ಲಿ ಹೆಂಡತಿಯನ್ನು ಕಂಡವರು ಗುಸುಗುಸು ಎನ್ನುತ್ತಿದ್ದರು. ಅದನ್ನು ಹೇಗೋ ನುಂಗಿಕೊಂಡಿದ್ದ. ಒಡಹುಟ್ಟಿದ ಅಣ್ಣನೇ ಬಂದು, "ನಿಜ ಹೇಳೋ, ಒಂದು ಗುಟುಕೂ ಹಾಕಿರಲಿಲ್ವಾ?" ಎಂದದ್ದು ಮಾತ್ರ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಫೋಟೋಗ್ರಾಫರ್ ಲಕೋಟೆಯಿಂದ ದೊಡ್ಡ ಚಿತ್ರವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅದೇ ರಸ್ತೆ, ಅದೇ ಬಾಟಲಿ. ಆದರೆ ಇಲ್ಲಿ ಡ್ರೈವರ್ ಅದನ್ನು ಪಕ್ಕದ ಹೆಂಗಸಿಗೆ ನೀಡುತ್ತಿದ್ದ. ಚಕ್ರಕ್ಕೆ ಒರಗಿದ್ದ ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಪತ್ರಿಕೆ ಆಫೀಸಲ್ಲಿ ಚಿತ್ರದಿಂದ ಇವರನ್ನ ಕತ್ತರಿಸಿ ತೆಗೆದ್ರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಈಗ ಆ ಅಕ್ಕನ್ನ ಹುಡುಕಿದೀನಿ. ನಾಳೆ ವಿಚಾರಣೆಗೆ ಇಬ್ಬರೂ ಬರ್ತೀವಿ."

"ನಿಮ್ಮ ಕೆಲಸ?" ಡ್ರೈವರನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಹೋಗುತ್ತಕ್ಕಾ. ಹನ್ನೊಂದು ದಿನದಿಂದ ಅನ್ನ ಸೇರ್ತಿಲ್ಲ. ಅದಕ್ಕಿಂತ ಇದೇ ವಾಸಿ."

ಅವಳು ಒಳಗೆ ಹೋಗಿ ತಟ್ಟೆ ತಂದು ಅವನ ಮುಂದಿಟ್ಟಳು. "ಹಾಗಾದ್ರೆ ಮೊದಲು ಉಣ್ಣಪ್ಪಾ," ಎಂದಳು.

ವಿಚಾರಣೆಯಲ್ಲಿ ಆ ಹೆಂಗಸು ಹಣೆಯ ಪಟ್ಟಿಯನ್ನು ಮುಟ್ಟಿಕೊಂಡು, "ನೀರು ಕೊಟ್ಟಿದ್ದು ಇವರೇ ಸಾರ್. ನನ್ನನ್ನ ಇಲ್ಲೀವರೆಗೆ ಯಾರೂ ಒಂದು ಮಾತು ಕೇಳಲಿಲ್ಲ," ಎಂದಳು. ಅಧಿಕಾರಿ ಚಿತ್ರವನ್ನು ಬಹಳ ಹೊತ್ತು ನೋಡಿ ಡಿಪೋದ ದೂರು ಪುಸ್ತಕ ತರಿಸಿದರು. ಎರಡು ದೂರುಗಳೂ ಅದರಲ್ಲಿದ್ದವು. ಸಂಜೆಯೊಳಗೆ ಲೈಸೆನ್ಸ್ ಡ್ರೈವರನ ಕೈ ಸೇರಿತು. ಮರುದಿನದ ಪತ್ರಿಕೆಗಳಲ್ಲಿ ಆ ಬಗ್ಗೆ ಒಂದು ಸಾಲೂ ಬರಲಿಲ್ಲ.

ಅಂದು ವಿಚಾರಣೆ ಮುಗಿಸಿ ಹೊರಬಂದಾಗ ಫೋಟೋಗ್ರಾಫರನ ಕ್ಯಾಮೆರಾವನ್ನೂ ಬೈಕನ್ನೂ ಕಸಿದುಕೊಳ್ಳಲು ಪತ್ರಿಕೆಯವರು ಗೇಟಿನಲ್ಲೇ ಕಾದಿದ್ದರು. ಎರಡೂ ಆಫೀಸಿನವು. ಅವನು ಕ್ಯಾಮೆರಾ, ಕೀಲಿಕೈ ಕೊಟ್ಟು ಬರಿಗೈಯಲ್ಲಿ ನಿಂತ.

ಡ್ರೈವರ್ ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, "ಮನೆ ಎಲ್ಲಿ?" ಎಂದ.

"ಸ್ಟೇಷನ್ ಆಚೆ. ದೂರ ಇದೆ ಅಣ್ಣಾ."

"ಇರಲಿ, ನಡೀರಿ."

ರಸ್ತೆಯಲ್ಲಿ ಲಾರಿಗಳು ಭರ್ರೆಂದು ಹಾಯುತ್ತಿದ್ದವು. ಡ್ರೈವರ್ ಅವನನ್ನು ಮೆಲ್ಲಗೆ ಒಳಬದಿಗೆ ಸರಿಸಿ, ತಾನು ರಸ್ತೆಯ ಕಡೆಗೆ ಬಂದು ಜೊತೆಗೆ ಹೆಜ್ಜೆ ಹಾಕಿದ.