ಎಡಭುಜದ ಹತ್ತಿ

“ಇನ್ನೂ ಸ್ವಲ್ಪ ಎತ್ತಮ್ಮಾ, ಮೊಣಕೈ ಸಿಕ್ಕಿಕೊಂಡಿದೆ,” ಎಂದ ಇಸ್ತ್ರಿಯಣ್ಣ.

ಮಗಳು ಅಪ್ಪನ ತಣ್ಣನೆಯ ಎಡಗೈಯನ್ನು ಕರಿಕೋಟಿನ ತೋಳಿನೊಳಗೆ ತೂರಿಸಿದಳು. ಊರಿಗೆಲ್ಲ ಕೋಟು ಹೊಲಿದವನಿಗೆ ಕೋಟು ತೊಡಿಸುವುದು ಇಷ್ಟು ಕಷ್ಟವೇ! ನಲವತ್ತು ವರ್ಷ ಅಪ್ಪನ ಅಂಗಡಿಯಲ್ಲೇ ಇಸ್ತ್ರಿ ಮಾಡಿದ ಇಸ್ತ್ರಿಯಣ್ಣ ತೋಳಿನ ಸುಕ್ಕನ್ನು ಅಂಗೈಯಲ್ಲೇ ತೀಡಿದ.

ಸತ್ತವನನ್ನು ಜನ ಇಂಚಪ್ಪ ಎಂದೇ ಕರೆಯುತ್ತಿದ್ದರು. ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿದರೆ ಸಾಕು, ಟೇಪು ಮುಟ್ಟದೆ ಅಳತೆ ಹೇಳಿಬಿಡುತ್ತಿದ್ದ. ಹಾಸಿಗೆ ಹಿಡಿದ ಮೇಲೂ ಡಾಕ್ಟರಿಗೆ, “ಸೊಂಟ ಎರಡಿಂಚು ಬೆಳೆದಿದೆ, ಮೊದಲು ನಿಮ್ಮ ಆರೋಗ್ಯ ನೋಡ್ಕೊಳ್ಳಿ,” ಅಂದಿದ್ದ.

ಹನ್ನೊಂದಕ್ಕೆ ಶವದ ಪೆಟ್ಟಿಗೆ ಹೊರಡಬೇಕು. ಹತ್ತಕ್ಕೆ ಸಿನಿಮಾ ನಿರ್ದೇಶಕರು ಬರುತ್ತೇನೆಂದು ಫೋನು ಮಾಡಿದ್ದರು. ಮಗಳಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೂರು ದಿನದ ಹಿಂದೆ ಅಪ್ಪ ಎಲ್ಲವನ್ನೂ ಹೇಳಿ, ಅವಳ ಮಣಿಕಟ್ಟು ಹಿಡಿದುಕೊಂಡಿದ್ದ: “ಅವರು ಬಂದೇ ಬರ್ತಾರೆ. ನಾನು ಅವರ ಮೇಲೆ ಸುಳ್ಳು ಹೇಳಿದೆ ಅಂತ ಹೇಳು. ನನ್ನ ಬಾಯಿಂದ ಬರಲಿಲ್ಲ, ನೀನಾದರೂ ಹೇಳು.”

ಅಮ್ಮನಿಗೂ ಅದು ಕೇಳಿಸಿತ್ತು. ಈಗ ಅಡುಗೆಮನೆಯಿಂದ ಬಂದು ಮಗಳ ಕಿವಿಯಲ್ಲಿ ಗದರಿದಳು: “ಊರೆಲ್ಲ ಸೇರಿರೋ ದಿನ ನಿಮ್ಮಪ್ಪನ ಮಾನ ಕಳೀತೀಯೇನೇ? ಬಾಯಿ ಮುಚ್ಕೊಂಡಿರು.”

“ಅವರೇ ಹೇಳು ಅಂದಿದ್ದಾರಲ್ಲಮ್ಮ.”

“ಸಾಯೋರು ನೂರು ಹೇಳ್ತಾರೆ. ಇಲ್ಲಿ ಉಳಿದು ಬಾಳಬೇಕಾದೋರು ನಾವು.”

ನಡುಮನೆಯಲ್ಲಿ ಬಂದವರ ಮಾತು ಆಗಲೇ ನಿರ್ದೇಶಕರ ಆ ಹಳೇ ಸಿನಿಮಾಕ್ಕೆ ತಿರುಗಿತ್ತು. ಅದರ ಖಳನಾಯಕ ಗಾಳಿಯೇ ಇಲ್ಲದ ಗ್ರಹವೊಂದರ ದೊರೆ, ಪ್ರಜೆಗಳ ಉಸಿರು ಎಣಿಸಿ ಗಾಳಿಯ ಪಡಿತರ ಕೊಡುವವನು. ಅವನು ಯಾರನ್ನು ನೋಡಿ ಹುಟ್ಟಿದವನು ಎಂಬ ಜಗಳ ಮೂವತ್ತು ವರ್ಷವಾದರೂ ಮುಗಿದಿಲ್ಲ.

“ಮೆತ್ತಗೆ ಮಾತಾಡ್ತಾನಲ್ಲ, ಅದು ಪಕ್ಕದ ದೇಶದ ಸೇನಾಪತಿದು,” ಎಂದರು ಎದುರುಮನೆಯ ಮೇಷ್ಟ್ರು.

“ಗಡಿಯಾರ ಎಲ್ಲಾ ಹಿಂದಕ್ಕೆ ತಿರುಗಿಸ್ತಾನಲ್ಲ, ಅದು ಇನ್ಯಾರೋ ಪ್ರಧಾನಿದಂತೆ. ನಿರ್ದೇಶಕರೇ ಹೇಳಿದ್ದಾರೆ,” ಎಂದಳು ಔಷಧಿ ಅಂಗಡಿಯವಳು.

“ಅದೆಲ್ಲ ಬಿಡ್ರೀ, ಆ ಎಡಭುಜ? ಅದು ನಮ್ಮ ಅಧ್ಯಕ್ಷರದ್ದೇ!” ಎಂದರು ಮೇಷ್ಟ್ರು. ದೇಶವನ್ನು ಮುಷ್ಟಿಯಲ್ಲಿಟ್ಟು ಆಳಿದ ಆ ಅಧ್ಯಕ್ಷರು ಸತ್ತು ಹನ್ನೆರಡು ವರ್ಷವಾಗಿದೆ. ಆದರೂ ಹಾಗೆಂದವರು ಒಮ್ಮೆ ಬಾಗಿಲ ಕಡೆ ನೋಡಿಕೊಂಡರು.

*

ಅಧ್ಯಕ್ಷರ ಎಡಭುಜ ಒಂದಿಂಚು ಕೆಳಗಿತ್ತು. ಆಗ ಅದನ್ನು ಬಲ್ಲವನು ಅವರ ಕೋಟು ಹೊಲಿಯುತ್ತಿದ್ದ ಇಂಚಪ್ಪ ಒಬ್ಬನೇ. ಎಡಗಡೆ ಎರಡು ಪದರ ಹತ್ತಿ ಜಾಸ್ತಿ ತುಂಬಿ ಸಮ ಮಾಡಿಕೊಡುತ್ತಿದ್ದ. ಅವರು ಕನ್ನಡಿಯ ಮುಂದೆ ನಿಂತು ಪ್ರತಿಸಲವೂ, “ಕಾಣಲ್ಲ ತಾನೆ?” ಎಂದು ಕೇಳುತ್ತಿದ್ದರು. “ದೇವರಿಗೂ ಕಾಣಲ್ಲ ಸಾರ್,” ಎನ್ನುತ್ತಿದ್ದ.

ಸಿನಿಮಾ ತೆಗೆದ ವರ್ಷ ಬೆಳಿಗ್ಗೆ ಅಧ್ಯಕ್ಷರ ಕೋಟು, ಮಧ್ಯಾಹ್ನ ಸಿನಿಮಾದ ಖಳನ ಕೋಟು. ಎರಡೂ ಕಪ್ಪು ಬಟ್ಟೆ. ಕೈ ತನ್ನ ಪಾಡಿಗೆ ತಾನು ಅದಕ್ಕೂ ಹತ್ತಿ ತುಂಬಿತು. ಖಳ ಕೋಟು ಬಿಚ್ಚಿ ಕುರ್ಚಿಗೆ ಹಾಕುವ ದೃಶ್ಯದಲ್ಲಿ, ಖಾಲಿ ಕೋಟಿನ ಎಡಭುಜ ತೆರೆಯ ತುಂಬ ಉಬ್ಬಿ ನಿಂತಾಗಲೇ ಇಂಚಪ್ಪನಿಗೆ ತಾನು ಮಾಡಿದ್ದು ಗೊತ್ತಾದದ್ದು. ಅಯ್ಯೋ, ಕೆಟ್ಟೆ ಅಂದುಕೊಂಡ.

ಅಧ್ಯಕ್ಷರಿಗೂ ಆ ಭುಜದ ಗುರುತು ಸಿಕ್ಕಿರಬೇಕು, ಮರುವಾರ ಅವರ ಅಧಿಕಾರಿ ಅಂಗಡಿಗೆ ಬಂದ. “ಈ ಭುಜ ಯಾರ ತಲೆಯಿಂದ ಬಂತು?”

“ನಿರ್ದೇಶಕರು ಹೇಳಿದ ಹಾಗೆ ಹೊಲಿದೆ ಸಾರ್.”

“ಅವನಿಗೆ ಹೇಗೆ ಗೊತ್ತಾಯ್ತು?”

“ಗೊತ್ತಾಗೋಕೇನಿದೆ ಸಾರ್? ನನ್ನ ಎಲ್ಲಾ ಕೋಟಿಗೂ ಎಡಗಡೆ ಹತ್ತಿ ಜಾಸ್ತಿ. ಅಂಗಡೀಲಿ ನೋಡಿರ್ತಾರೆ.”

ನಿರ್ದೇಶಕರು ನಾಲ್ಕು ವರ್ಷ ಜೈಲಿನಲ್ಲಿದ್ದರು; ಭುಜ ಯಾರದೆಂದು ಆಗ ಊರಿಗೇ ಗೊತ್ತಾಯಿತು. ಇಂಚಪ್ಪನನ್ನು ಯಾರೂ ಮುಟ್ಟಲಿಲ್ಲ. ಅವನನ್ನು ಒಳಗೆ ಹಾಕಿದರೆ ಅಧ್ಯಕ್ಷರ ಭುಜ ಸಮ ಮಾಡುವವರು ಯಾರು? ಆದರೆ ಹೇಳಿದ ಸುಳ್ಳನ್ನು ನಿಜ ಮಾಡಬೇಕಿತ್ತಲ್ಲ. ‘ಹೊಲಿಗೆ ಸರಿಮಾಡಿಕೊಡ್ತೀನಿ’ ಎಂದು ಹಳೇ ಗಿರಾಕಿಗಳ ಕೋಟುಗಳನ್ನೆಲ್ಲ ವಾಪಸು ತರಿಸಿ ಎಡಭುಜಕ್ಕೆ ಹತ್ತಿ ತುಂಬಿದ. ಆಮೇಲೆ ಹೊಲಿದ ಒಂದೊಂದಕ್ಕೂ, ತನ್ನದಕ್ಕೂ ತುಂಬಿದ. ಅಧ್ಯಕ್ಷರು ಸತ್ತ ಮೇಲೂ ಕೈ ನಿಲ್ಲಲಿಲ್ಲ.

*

ನಿರ್ದೇಶಕರು ಊರುಗೋಲು ಹಿಡಿದು ಬಂದರು. ನಡುಮನೆಯವರು ಸರಿದು ದಾರಿ ಬಿಟ್ಟರು. ಅವರು ಶವದ ಮುಂದೆ ಬಂದು ನಿಂತರು. ಅಮ್ಮ ಮಗಳ ಕೈ ಗಟ್ಟಿಯಾಗಿ ಹಿಡಿದಳು. ಮಗಳು ಬಿಡಿಸಿಕೊಂಡಳು.

“ಸರ್, ಅಪ್ಪ ನಿಮಗೊಂದು ಮಾತು ಹೇಳು ಅಂದಿದ್ರು. ಆ ಭುಜ ನೀವು ಹೇಳಿದ್ದಲ್ಲ. ಅವರು ಸುಳ್ಳು ಹೇಳಿದ್ರು.”

ಎಲ್ಲರಿಗೂ ಕೇಳಿಸಿತು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಗೊತ್ತಮ್ಮಾ,” ಎಂದರು ನಿರ್ದೇಶಕರು. “ಅವನ ಹೇಳಿಕೇನ ಅಧಿಕಾರಿಗಳು ನನ್ನ ಮುಂದೇನೇ ಓದಿದ್ರು. ಯಾವ ಭುಜ ಅಂತಾನೇ ನಂಗೆ ತಿಳೀಲಿಲ್ಲ. ಆದ್ರೆ ಅವರ ಮುಖ ನೋಡಿದ್ರೆ, ಎಲ್ಲೋ ಸರಿಯಾಗಿ ಚುಚ್ಚಿದೆ ಅನ್ನಿಸ್ತು. ಹೌದು, ನಾನೇ ಹೇಳಿದ್ದು ಅಂದ್ಬಿಟ್ಟೆ.”

“ಅಪ್ಪನ್ನ ಉಳಿಸೋಕಾ ಸರ್?”

“ಆಗ ಹಾಗೇ ಅಂದ್ಕೊಂಡಿದ್ದೆ. ಹೊರಗೆ ಬಂದ್ಮೇಲೆ ಹೋದಲ್ಲೆಲ್ಲ ಆ ಭುಜಕ್ಕೇ ಚಪ್ಪಾಳೆ. ಐದು ದೇಶದ ಪತ್ರಿಕೆ ಕತ್ತರಿಸಿ ನಾನು ಕಟ್ಟಿದ ಖಳನಲ್ಲಿ ಜನ ನೆನಪಿಟ್ಟಿದ್ದು ಅದೊಂದನ್ನೇ. ಇಂಚಪ್ಪನ ಕೆಲಸ ಅಂತ ಒಂದು ಸಲವೂ ಹೇಳ್ಲಿಲ್ಲ. ಅಧ್ಯಕ್ಷರು ಸತ್ಮೇಲಾದ್ರೂ ಹೇಳಬಹುದಿತ್ತು. ಇವನು ಬಂದು ಕೇಳ್ತಾನೆ ಅಂತ ಹೆದರಿ ಈ ಬೀದಿಗೇ ಬರ್ತಿರ್ಲಿಲ್ಲ.”

ಮಗಳಿಗೆ ಮೈಯೆಲ್ಲ ಉರಿಯಿತು. “ನಿಮ್ಮ ಹೆಸರು ಕೇಳಿದ್ರೆ ಅಪ್ಪ ತಟ್ಟೆ ಬಿಟ್ಟು ಎದ್ದುಹೋಗ್ತಿದ್ರು ಸರ್. ಮೂವತ್ತು ವರ್ಷ! ಒಂದೇ ಒಂದು ಸಲ ಬಂದು ‘ಗೊತ್ತು ಕಣಯ್ಯ’ ಅಂದಿದ್ರೆ ಏನು ಹೋಗ್ತಿತ್ತು?”

ನಡುಮನೆಯಲ್ಲಿ ಮೇಷ್ಟ್ರು ಇಂಚಪ್ಪ ಹೊಲಿದ ತಮ್ಮ ಕೋಟಿನ ಎಡಭುಜ ಮುಟ್ಟಿ ನೋಡಿಕೊಂಡರು. ಔಷಧಿ ಅಂಗಡಿಯವಳು ಗಂಡನ ಕೋಟಿನ ಭುಜವನ್ನು ಎರಡು ಬೆರಳಲ್ಲಿ ಹಿಸುಕಿದಳು.

ಅಮ್ಮ ಸರಸರನೆ ಒಳಗೆ ಹೋದಳು. ಸಿಟ್ಟಾಗಿ ಹೋದಳೆಂದುಕೊಂಡರೆ, ಗುಂಡಿಯ ಕಾಜ ಕತ್ತರಿಸುವ ಸಣ್ಣ ಕತ್ತರಿ ತಂದು ಮಗಳ ಕೈಗಿಟ್ಟಳು. “ತೆಗೆದುಬಿಡೇ. ಅಲ್ಲಾದ್ರೂ ಹಗುರಾಗಿ ಮಲಗಲಿ,” ಎಂದು ಬಿಕ್ಕಿದಳು.

ಮಗಳು ಅಪ್ಪನ ಕೋಟಿನ ಹೊಲಿಗೆ ಬಿಚ್ಚಿ ಎರಡು ಪದರ ಹತ್ತಿಯನ್ನು ಎಳೆದಳು. ಭುಜ ಮೆಲ್ಲಗೆ ಕುಸಿದು ಸಮವಾಯಿತು.

ಹನ್ನೊಂದಕ್ಕೆ ಪೆಟ್ಟಿಗೆ ಎತ್ತಿದರು. ಆ ಕಡೆ ಮೂವರು, ಈ ಕಡೆ ಮೂವರು, ಆರೂ ಜನ ಇಂಚಪ್ಪನ ಕೋಟು ತೊಟ್ಟವರೇ. ಹತ್ತಿ ತುಂಬಿದ ಎಡಭುಜ ಕೊಟ್ಟವರ ಕಡೆ ಪೆಟ್ಟಿಗೆ ಎತ್ತರವಾಗಿ, ಇನ್ನೊಂದು ಕಡೆಗೆ ವಾಲಿತು.

“ಎತ್ತರದ ಕಡೆಯೋರು ಸ್ವಲ್ಪ ಬಗ್ರಪ್ಪಾ,” ಎಂದು ಇಸ್ತ್ರಿಯಣ್ಣ ಕೂಗಿದ. ಮೂವರೂ ಬಗ್ಗಿದರು. ನಾಲ್ಕು ಹೆಜ್ಜೆ ಇಟ್ಟು ನೆಟ್ಟಗಾದ ಕೂಡಲೇ ಪೆಟ್ಟಿಗೆ ಮತ್ತೆ ವಾಲಿತು. ಹಿಂದೆ ನಡೆಯುತ್ತಿದ್ದ ಜನರ ಎಡಭುಜಗಳು ಬೀದಿಯುದ್ದಕ್ಕೂ ಒಂದೊಂದಿಂಚು ಮೇಲಿದ್ದವು. ನಿರ್ದೇಶಕರು ಊರುಗೋಲನ್ನು ಮಗಳ ಕೈಗೆ ಕೊಟ್ಟು ಮುಂದೆ ಹೋದರು. ತಗ್ಗಿದ ಕಡೆ ಪೆಟ್ಟಿಗೆಯ ಕೆಳಗೆ ತಮ್ಮ ಮುದಿ ಭುಜ ಕೊಟ್ಟು, ತುದಿಗಾಲಲ್ಲಿ ನಡೆಯತೊಡಗಿದರು.