ಸುಣ್ಣ ಬಳಿದ ಬಂಡೆ

ನಾಜಿಯಾ ಬಂಡೆ ಕಂಡುಹಿಡಿದಳೆಂದು ಗಂಗಯ್ಯ ಸರ್ ಅವರಿಗೆ ಹೊಟ್ಟೆ ಉರಿದದ್ದಲ್ಲ. ಆ ಬಂಡೆಯ ಮೇಲೆ ಕೂತು ತಾವು ವರ್ಷ ವರ್ಷವೂ ಬುತ್ತಿ ಉಂಡಿದ್ದರಲ್ಲ, ಅದಕ್ಕೆ ಉರಿದದ್ದು. ರಾಮದುರ್ಗದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದಾಗ ಅವರು ಪ್ರತಿ ಸಲದ ಹುಡುಗರನ್ನೂ ಭರಮಪ್ಪನ ಹೊಲಕ್ಕೆ ಕರೆದೊಯ್ಯುತ್ತಿದ್ದರು. "ಇದು ಬರೇ ಸುಣ್ಣದಕಲ್ಲು, ಬರಕೊಳ್ರಿ" ಎಂದು ಪಾಠ ಮುಗಿಸಿ, ಆ ಬಂಡೆಯ ಮೇಲೆಯೇ ರೊಟ್ಟಿಗಂಟು ಬಿಚ್ಚಿ, ಕೆಂಪಿಂಡಿ ಚಟ್ನಿ ಹಚ್ಚಿಕೊಂಡು ಉಂಡು, ಕೈ ತೊಳೆದ ನೀರನ್ನೂ ಅದರ ಮೇಲೆಯೇ ಚೆಲ್ಲಿ ಎದ್ದು ಬರುತ್ತಿದ್ದರು.

ಆ ನೀರು ಬಿದ್ದ ಕಡೆ ಕಣ್ಣು ಹಾಯಿಸಿದ್ದರೂ ಸಾಕಿತ್ತು. ಒಣಗಿದಾಗ ಬೂದಿಬಣ್ಣದ ಸಾದಾ ಕಲ್ಲು. ನೀರು ಬಿದ್ದರೆ ಉಳ್ಳಾಗಡ್ಡಿಯನ್ನು ಅಡ್ಡ ಕೊಯ್ದಂತೆ ಉಂಗುರದೊಳಗೆ ಉಂಗುರ. ಇಲ್ಲೆಲ್ಲ ಸಮುದ್ರವಿದ್ದ ಕಾಲದಲ್ಲಿ, ಮೀನೂ ಹುಟ್ಟುವ ಮೊದಲು, ಕಣ್ಣಿಗೆ ಕಾಣದ ಜೀವಿಗಳು ಪದರದ ಮೇಲೆ ಪದರ ಕಟ್ಟಿ ಬಿಟ್ಟುಹೋದ ಗುರುತು ಅದು. ಒಂದು ವರ್ಷ ಹೀಗೆ ಎಲ್ಲರೂ ಉಂಡು ಎದ್ದ ಮೇಲೆ ಹಿಂದೆ ಉಳಿದು ಅದನ್ನು ನೋಡಿದವಳು ಆ ಸಲದ ವಿದ್ಯಾರ್ಥಿನಿ, ಟೆಂಪೋ ಡ್ರೈವರ್ ಖಾಸಿಮಸಾಬನ ಮಗಳು ನಾಜಿಯಾ. ಮುಂದೆ ಮನೋಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು. ರವಿವಾರ ಬಂದರೆ ಸಾಕು, ನೀರಿನ ಕೊಡಪಾನ ಹಿಡಿದು ಆ ಹೊಲದಲ್ಲಿರುತ್ತಿದ್ದಳು.

ಜೀವಾಶ್ಮ ಹುಡುಕುವ ಹವ್ಯಾಸಿಗಳಿಗೆಂದು ಪುಣೆಯ ಒಂದು ಸಂಘ ಪ್ರಶಸ್ತಿ ಕೊಡುತ್ತದೆ. ಜೊತೆಗೆ ಸಿಕ್ಕ ಜಾಗಕ್ಕೆ ಬೇಲಿ ಹಾಕಲು, ಅಭ್ಯಾಸ ಮುಂದುವರಿಸಲು ಅನುದಾನ. ನಾಜಿಯಾಳ ಬಂಡೆ ಕೊನೆಯ ಸುತ್ತಿಗೆ ಬಂತು. ಪರೀಕ್ಷಕರು ಬಂದು ಕಣ್ಣಾರೆ ನೋಡುವುದೊಂದೇ ಬಾಕಿ. ಸಂಘದ ಕರಾರು ಒಂದೇ: ಕಂಡುಹಿಡಿದವರು ಕಲ್ಲಿಗೆ ಹಾನಿ ಮಾಡಿರಬಾರದು.

ಆಕೆ ಕರದಂಟಿನ ಡಬ್ಬಿ ಹಿಡಿದು ಮೊದಲು ಬಂದದ್ದು ಗಂಗಯ್ಯನವರ ಮನೆಗೇ.

"ಸರ್, ನಿಮ್ಮ ಹೆಸರೂ ಕೂಡಿಸಬೇಕಂತ ಮಾಡೇನ್ರಿ. ಆ ಹೊಲಾ ತೋರಿಸಿದವ್ರು ನೀವ."

"ನನ್ನ ಹೆಸರು ಯಾಕವಾ ತಂಗಿ, ನಾ ಏನ್ ಮಾಡೇನಿ?" ಎಂದರು ಸರ್, ನಗುತ್ತ.

ನಗು ಹಲ್ಲಿನದು. ಒಳಗೆ ಕುದಿಯುತ್ತಿತ್ತು. ನೌಕರಿ ಇರುವ ತನಕ ಅವರು ಅರ್ಜಿ ಹಾಕದ ಪ್ರಶಸ್ತಿಯಿಲ್ಲ, ಕೇಳದ ಅನುದಾನವಿಲ್ಲ. ಸಿಕ್ಕಿದ್ದು ನಿವೃತ್ತಿಯ ದಿನ ಕಾಲೇಜಿನವರು ಹೊದಿಸಿದ ಶಾಲು. ಅದೂ ಜವಾನನಿಂದ ಹಿಡಿದು ಎಲ್ಲರಿಗೂ ಹೊದಿಸುವಂಥದ್ದು. ಈಗ ತನ್ನ ಕೈಕೆಳಗೆ ಕಲಿತ ಹುಡುಗಿ ಉಂಡು ಮಿಕ್ಕಿದ್ದನ್ನು ಬಾಗಿಲಿಗೆ ತಂದು ಕೊಟ್ಟಂತೆ ಹೆಸರು ಕೊಡಲು ಬಂದಿದ್ದಾಳೆ! ಆಕೆ ಪ್ರೀತಿಯಿಂದಲೇ ಬಂದಿದ್ದಳು. ಪ್ರೀತಿಯೆಂದು ಗೊತ್ತಿದ್ದೇ ಅವರಿಗೆ ಹೆಚ್ಚು ಉರಿದದ್ದು. ಬೇಡವೆಂದು ಕಳಿಸಿದರು, ಕರದಂಟನ್ನು ಮಾತ್ರ ಇಟ್ಟುಕೊಂಡರು.

ಪರೀಕ್ಷಕರು ಬರುವ ಮುಂಚೆ ಶೀಗಿ ಹುಣ್ಣಿಮೆ ಬಂತು. ಅಂದು ಒಕ್ಕಲಿಗರೆಲ್ಲ ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಉಂಡು ಬರುವುದು ವಾಡಿಕೆ. ಭರಮಪ್ಪನ ಹೆಂಡತಿ ಯಲ್ಲವ್ವ ಈ ಸಲ ಐದಕ್ಕೇ ನಿಲ್ಲಿಸಲಿಲ್ಲ. ಓದಿದ ಬಾಯಾರು, ಟೀಚರಮ್ಮ ನಾಜಿಯಾ, ವಾರ ವಾರ ಬಂದು ಮೊಳಕಾಲೂರಿ ಕೊಡ ಕೊಡ ನೀರು ಸುರಿದು, ಮೈ ತಿಕ್ಕಿ, ಫೋಟೋ ತೆಗೆದುಕೊಂಡು ಹೋಗುವ ಕಲ್ಲೆಂದ ಮೇಲೆ ಅದು ಬರೀ ಕಲ್ಲಾಗಿರಲು ಸಾಧ್ಯವೆ? ಉಳಿದ ಸುಣ್ಣವನ್ನೆಲ್ಲ ಆ ಬಂಡೆಗೆ ಬಳಿದು, ಅರಿಸಿನದ ಭಂಡಾರ ಎರಚಿ, ಕಾಯಿ ಒಡೆದು ಕೈಮುಗಿದಳು.

ಮರುದಿನ ಬೆಳಿಗ್ಗೆ ನಾಜಿಯಾಳ ಫೋನು ಬಂತು.

"ಸರ್, ಯಲ್ಲವ್ವ ಕಲ್ಲಿಗೆ ಸುಣ್ಣಾ ಬಳದಾಳ್ರಿ! ನಾಳೆ ಪುಣೆದಿಂದ ಕಲ್ಲು ನೋಡಾಕ ಮೇಡಮ್ಮಾರು ಬರ್ತಾರ. ಪೂಜಿ ಮಾಡಿದ್ದ ಕಲ್ಲು, ನಾ ಹೆಂಗ ತೊಳೀಲ್ರಿ? ಆಕಿ ಮನಸು ನೊಂದೀತು. ನೀವು ಅಂದ್ರ ಕೇಳ್ತಾರ. ಬರೇ ನೀರು, ತೆಂಗಿನ ನಾರು ಸಾಕ್ರಿ."

"ನೀ ಚಿಂತಿ ಬಿಡ. ಸಾಲಿ ಬಿಟ್ಟು ಬರಬ್ಯಾಡ. ನಾ ನೋಡ್ಕೋತೇನಿ."

ಸರ್ ಅಯ್ಯನವರ ಮನೆತನದವರು, ಯಲ್ಲವ್ವ ಅಡ್ಡಿ ಮಾಡಲಿಲ್ಲ. "ಅಯ್ನಾರ ಕೈಲೆ ತೊಳದ್ರ ಇನ್ನೂ ಚಲೋನ ಆತಲ್ರಿ" ಎಂದು ಕೊಡ ತುಂಬಿಟ್ಟು, ಗಂಡನ ಜೊತೆ ಸವದತ್ತಿ ಗುಡ್ಡಕ್ಕೆ ಹೊರಟುಹೋದಳು. ಹೊಲದಲ್ಲಿ ಸರ್ ಒಬ್ಬರೇ ಉಳಿದರು.

ಅವರ ಚೀಲದಲ್ಲಿ ತೆಂಗಿನ ನಾರಿತ್ತು. ಪಾಯಖಾನೆ ತೊಳೆಯುವ ಆ್ಯಸಿಡ್ಡಿನ ಬಾಟಲಿಯೂ ಇತ್ತು. ಸುಣ್ಣ ಬಿಡದಿದ್ದರೆ ಇರಲಿ ಎಂದು ತಂದದ್ದೆಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡು ಬಂದಿದ್ದರು. ಆದರೆ ಸುಣ್ಣ ಹಸಿಯಾಗಿತ್ತು. ನೀರು ಹಾಕಿ ನಾಲ್ಕು ಸಲ ತಿಕ್ಕಿದ್ದೇ ತಡ, ಪೂರ್ತಿ ಬಿಟ್ಟುಹೋಯಿತು. ಒದ್ದೆ ಬಂಡೆಯ ಮೇಲೆ ಉಂಗುರಗಳು ಎದ್ದು ನಿಂತವು. ಒಂದರ ಮಗ್ಗುಲಿಗೆ ಇನ್ನೊಂದು, ಬಂಡೆಯ ತುಂಬ. ತಾವು ಕೂರುತ್ತಿದ್ದ ಜಾಗದಲ್ಲಂತೂ ತಾಟಿನಷ್ಟು ದೊಡ್ಡದು.

ಬುದ್ಧಿಗೆಟ್ಟ ಮನುಷ್ಯನಾದರೂ ಅಲ್ಲಿಗೆ ಎದ್ದು ಮನೆಗೆ ಹೋಗುತ್ತಿದ್ದ. ಕೈ ಜಾರಿತು, ಬಾಟಲಿ ಉರುಳಿತು ಎಂದು ಯಾರೂ ಕನಿಕರ ಪಡಬೇಕಾಗಿಲ್ಲ. ಗಂಗಯ್ಯ ಸರ್ ಧೋತರ ಎತ್ತಿ ಕಟ್ಟಿ, ಮುಚ್ಚಳ ತಿರುವಿ, ತಾಟಿನಷ್ಟು ದೊಡ್ಡದರಿಂದಲೇ ಶುರುಮಾಡಿದರು. ಕಲ್ಲು ಬುಸ್ಸೆಂದು ನೊರೆಯುಗುಳಿತು. ನೊರೆ ಇಳಿದಲ್ಲಿ ಮತ್ತೆ ಸುರಿದರು. ಬಾಟಲಿ ಬರಿದಾದ ಮೇಲೆ, ಪಾಪ, ಶಿಸ್ತಿನ ಮನುಷ್ಯ, ನೀರು ಹಾಕಿ ಚೊಕ್ಕಟ ಮಾಡಿ ಬಂದರು.

ಮರುದಿನ ಪುಣೆಯ ಮೇಡಂ ಬಂದಾಗ ಸರ್ ಕೂಡ ಹೊಲದಲ್ಲಿದ್ದರು. ಬಂಡೆ ಸಿಡುಬು ಎದ್ದು ಮಾಗಿದ ಮುಖದಂತಿತ್ತು. ನಾಜಿಯಾ ಕೊಡಪಾನ ಕೆಳಗಿಟ್ಟು ಮೊಳಕಾಲೂರಿದಳು. ಕೈಯಿಂದ ಸವರಿ ಸವರಿ ನೋಡಿದಳು. ಒಂದು ಉಂಗುರವೂ ಪೂರ್ತಿ ಉಳಿದಿರಲಿಲ್ಲ.

"ಆ್ಯಸಿಡ್ ಯಾರು ಹಾಕಿದ್ದು?" ಮೇಡಂ ಕೇಳಿದರು.

ಭರಮಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ. "ಬಾಯಾರು ಒಮ್ಮೊಮ್ಮೆ ಸಣ್ಣ ಶೀಸೆಯಿಂದ ಏನೋ ಹಾಕ್ತಿದ್ರು ನೋಡ್ರಿ. ಬುಸ್ ಅಂತಿತ್ತು."

"ಒಂದ ಹನಿರಿ ಮೇಡಂ, ಸುಣ್ಣದಕಲ್ಲು ಹೌದೋ ಅಲ್ಲೋ ಅಂತ ನೋಡಾಕ. ಅದೂ ಅಂಚಿಗೆ. ಸರ್ ಕಲಿಸಿದ್ದು. ಸರ್, ನೀವರ ಹೇಳ್ರಿ! ನಿನ್ನೆ ನೀವ ತೊಳದೀರಲ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನು ಹಸಿ ಕಳ್ಳ. ಸರ್ ಹೆಗಲು ಮುಟ್ಟಿಕೊಳ್ಳಲಿಲ್ಲ, ಕೈ ಮುಗಿದರು.

"ಹೌದ್ರಿ, ಸುಣ್ಣಾ ತೊಳದಾಂವ ನಾನ. ತೊಳದಮ್ಯಾಲ ಇದು ಹಿಂಗ ಕಾಣಿಸ್ತು. ಎದಿ ಧಸಕ್ಕಂತು. ಮುಚ್ಚಿಡಬೇಕಂದ್ರ ಮನಸು ಒಪ್ಪಲಿಲ್ಲ. ಹುಡುಗಿ ರೀ, ಉಂಗುರ ಇನ್ನೂ ಎದ್ದು ಕಾಣ್ಲಿ ಅಂತ ಅವಸರದಾಗ ಹಾಕ್ಯಾಳ. ಕಲಿಸಿದಾಂವ ನಾ, ತಪ್ಪು ನಂದಂತ ತಿಳದು ಆಕಿನ್ನ ಕ್ಷಮಿಸ್ರಿ."

ಮಗುವನ್ನು ಚಿವುಟಿದವರು ತಾವೇ, ತೊಟ್ಟಿಲು ತೂಗಿದವರೂ ತಾವೇ. ನಾಜಿಯಾ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಸರ್ ಅವರ ಧೋತರದ ಅಂಚಿಗೆ ಹೋಯಿತು. ಬಿಳಿ ಬಟ್ಟೆಯಲ್ಲಿ ಸಣ್ಣ ಸಣ್ಣ ತೂತು, ಸುಟ್ಟಂತೆ ಹಳದಿ ಅಂಚು. ಆ್ಯಸಿಡ್ ಸಿಡಿದು ಇಂಥ ತೂತುಗಳು ಪ್ರಯೋಗಶಾಲೆಯಲ್ಲಿ ಅವಳ ದುಪಟ್ಟಾಕ್ಕೂ ಬಿದ್ದಿದ್ದವು. ಅವಳು ನೋಡಿದ್ದನ್ನು ಸರ್ ನೋಡಿದರು. ಅವಳು ಬಾಯಿ ಮುಚ್ಚಿದಳು; ನಿವೃತ್ತ ಗುರುಗಳು ಕೈಮುಗಿದು ನಿಂತಿರುವಾಗ ಅವಳ ಮಾತು ನಂಬುವವರು ಆ ಹೊಲದಲ್ಲಿ ಯಾರೂ ಇರಲಿಲ್ಲ.

ಪ್ರಶಸ್ತಿ ಹೋಯಿತು. ಕಲ್ಲು ಕೆಡಿಸಿದವಳೆಂದು ಮುಂದೆ ಅರ್ಜಿ ಹಾಕುವ ದಾರಿಯೂ ಮುಚ್ಚಿತು. ಮೇಡಂ ಅವರ ಮನಸ್ಸಿನಲ್ಲಿ ಮಾತ್ರ ಗಂಗಯ್ಯ ಸರ್ ಉಳಿದುಬಿಟ್ಟರು. ಶಿಷ್ಯೆಯ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡ ಇಂಥ ಪ್ರಾಮಾಣಿಕ ಹಿರಿಯರು ಎಲ್ಲಿ ಸಿಗುತ್ತಾರೆ? ಸಂಘದಲ್ಲಿ ಹಿರಿಯರಿಗೊಂದು ಗೌರವವಿತ್ತು. ಅದು ಅವರಿಗೆ ಬಂತು. ಶಾಲು, ಫಲಕ, ಪೇಪರಿನಲ್ಲಿ ಫೋಟೋ. ಜೊತೆಗೆ ಅನುದಾನ: ಆ ಸೀಮೆಯಲ್ಲಿ ಅಂಥದೇ ಇನ್ನೊಂದು ಬಂಡೆ ಹುಡುಕಿ ತೋರಿಸಬೇಕು.

ಶಾಲು ಹೊದ್ದ ದಿನ ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. ಆಮೇಲೆ ಹುಡುಕಲು ಹೊರಟರು. ರಾಮದುರ್ಗದ ಸುತ್ತಲಿನ ಹೊಲ, ಹಳ್ಳ, ದಿಬ್ಬಗಳನ್ನೆಲ್ಲ ಕೊಡಪಾನ ಹೊತ್ತು ಅಲೆದರು. ಕಂಡ ಕಂಡ ಕಲ್ಲಿಗೆಲ್ಲ ನೀರು ಹೊಯ್ದರು. ಕಣ್ಣಿಗೆ ಪೊರೆ ಬಂದಿರಲಿಲ್ಲ. ಆದರೆ ಒಬ್ಬರು ಬೆರಳು ಮಾಡಿ ತೋರಿಸಿದ್ದನ್ನು ನೋಡುವ ಕಣ್ಣು ಅವರದು, ತಾನಾಗಿ ಕಾಣುವ ಕಣ್ಣಲ್ಲ. ಎಲ್ಲ ಬರೇ ಕಲ್ಲಾಗಿ ಕಂಡಿತು. ಪುಣೆಯಿಂದ ಫೋನು ಬರತೊಡಗಿತು, ಎಲ್ಲಿಗೆ ಬಂತು ಸರ್ ಎಂದು. ಕಡೆಗೆ ನಾಚಿಕೆ ಬಿಟ್ಟು ನಾಜಿಯಾಳನ್ನೇ ಕರೆದರು.

ಬರಲಿಕ್ಕಿಲ್ಲ ಎಂದುಕೊಂಡಿದ್ದರು. ಬಂದಳು. ಬೆಳಗಿನಿಂದ ಅವರ ಮುಂದೆ ಮುಂದೆ ನಡೆದಳು. ಬಾಗಿದಳು, ಸವರಿದಳು, ಎದ್ದಳು. ಮಲಪ್ರಭೆಯ ದಂಡೆಯ ಮೇಲೆ ಜಾಲಿಗಿಡದ ನೆರಳಿನಲ್ಲಿದ್ದ ಒಂದು ಹಾಸುಗಲ್ಲಿನ ಹತ್ತಿರ ತುಸು ಹೊತ್ತು ನಿಂತಳು. ನಿಂತದ್ದು ಹೆಚ್ಚಾಯಿತೆಂದು ಸರ್ ಅವರಿಗೆ ಅನ್ನಿಸಿತು.

"ಏನರ ಐತೇನ ನಾಜಿಯಾ?"

"ಇಲ್ರಿ ಸರ್. ಇದು ಬರೇ ಸುಣ್ಣದಕಲ್ಲು. ಬರಕೊಳ್ರಿ."

ಸರ್ ಅವಳ ಮುಖ ನೋಡಿದರು. ಅವಳೂ ಅವರ ಮುಖ ನೋಡಿದಳು. ಕೊಡಪಾನದಲ್ಲಿದ್ದ ನೀರನ್ನಷ್ಟೂ ಸರ್ ಆ ಕಲ್ಲಿನ ಮೇಲೆ ಸುರಿದು, ಮೊಳಕಾಲೂರಿ, ಮೂಗು ತಾಗುವಷ್ಟು ಬಾಗಿ ನೋಡಿದರು. ಒದ್ದೆ ಕಲ್ಲು ಕಂಡಿತು. ಗೆರೆಗಳಿವೆ ಅನ್ನಿಸಿತು, ಇಲ್ಲ ಅನ್ನಿಸಿತು. ಇರಬಹುದು, ಅವಳು ಸುಳ್ಳು ಹೇಳುತ್ತಿರಬಹುದು. ಇಲ್ಲದಿರಲೂಬಹುದು. ಅದನ್ನು ಹೇಳಬಲ್ಲವಳು ಇಡೀ ಸೀಮೆಗೆ ಒಬ್ಬಳೇ, ಮತ್ತು ಅವಳನ್ನು ಇನ್ನೆಂದೂ ನಂಬಲಾಗದಂತೆ ಮಾಡಿಕೊಂಡವರು ಅವರೇ.

"ಹೊತ್ತಾತು, ಉಣ್ರಿ ಸರ್," ಎಂದಳು ನಾಜಿಯಾ, ಅವರ ಬುತ್ತಿಗಂಟನ್ನು ಆ ಕಲ್ಲಿನ ಮೇಲಿಡುತ್ತ. "ಇಲ್ಲೇ ಕುಂದರ್ರಿ. ಈ ಕಲ್ಲು ಕುಂದರಾಕ ಚಲೋ ಐತಿ."

ಬೇರೆ ನೆರಳಿರಲಿಲ್ಲ. ಸರ್ ಕುಳಿತು ಗಂಟು ಬಿಚ್ಚಿದರು.